ಬೀಸಣಿಕೆ ಗಿಡದ ಕಟ್ಟೆ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದೆ ನಾನು ಹೇಳುವುದರಲ್ಲಿ ನನ್ನ ಕೂಗಾಟವೇ ಹೆಚ್ಚು. ಧಾರವಾಡದ ಒಂದು ಸರ್ಕಾರಿ ಕಾಲೇಜಿನ ತೋಟದಲ್ಲಿ ಮೂವತ್ತನಾಲ್ಕು ವರ್ಷ ಮಾಲಿಯಾಗಿದ್ದೆ, ಅದರಲ್ಲಿ ಕೊನೆಯ ಹನ್ನೆರಡು ವರ್ಷ ಹೆಡ್ ಮಾಲಿ. ನನ್ನ ಕೈಕೆಳಗೆ ಕೆಲಸ ಕಲಿತವರು ಈಗ ಹುಬ್ಬಳ್ಳಿ-ಧಾರವಾಡದ ಎಷ್ಟೋ ತೋಟಗಳಲ್ಲಿದ್ದಾರೆ. ಗಿರಿಯಪ್ಪ ಕಾಕಾನ ಬೈಗುಳ ಇನ್ನೂ ಕಿವಿಯಲ್ಲಿದೆ ಎಂದು ಅವರು ಹೇಳಿಕೊಂಡು ತಿರುಗುತ್ತಾರೆ. ತಿರುಗಲಿ. ಬೈಸಿಕೊಂಡವರು ನೆಟ್ಟ ಗಿಡಗಳು ಬದುಕಿವೆ.

ಕಾಲೇಜಿನ ದೊಡ್ಡ ಗೇಟಿನಿಂದ ಒಳಗಿನವರೆಗೆ ದಾರಿಯ ಎರಡೂ ಬದಿಗೆ ಎತ್ತರದ ಪಾಮ್ ಗಿಡಗಳಿವೆಯಲ್ಲ, ಅವು ನಾನು ನೆಟ್ಟವು. ನರ್ಸರಿಯವರ ಕಾಗದದಲ್ಲಿ ಅದರ ಹೆಸರು ವಾಷಿಂಗ್ಟೋನಿಯಾ. ಎಲೆ ಬಿಚ್ಚಿದ ಬೀಸಣಿಕೆಯ ಹಾಗಿರುವುದರಿಂದ ನಮ್ಮ ಬಾಯಲ್ಲಿ ಅದು ಬೀಸಣಿಕೆ ಗಿಡ. ಎಂಥ ಬಿಸಿಲಿದ್ದರೂ ಅದಕ್ಕೆ ಬೇಕು. ಬೇರು ಇಳಿಯುವವರೆಗೆ ನೀರು ಹಾಕಿದರೆ ಸಾಕು, ಆಮೇಲೆ ತನ್ನ ಪಾಡಿಗೆ ತಾನು ವರ್ಷಕ್ಕೆ ಎರಡು ಅಡಿ, ಮೂರು ಅಡಿ ಏರುತ್ತ ಹೋಗುತ್ತದೆ. ಎಲೆಯ ದಂಟಿಗೆ ಗರಗಸದಂಥ ಮುಳ್ಳು. ನನ್ನ ಎರಡೂ ಮುಂಗೈ ಮೇಲೆ ಅದು ಗೀರಿದ ಗುರುತುಗಳಿವೆ.

ಊರಿಗೆಲ್ಲ ನೆಟ್ಟ ನಾನು ನನ್ನ ಮನೆಗೆ ಒಂದನ್ನೂ ನೆಟ್ಟಿರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಸತ್ತೂರಿನಲ್ಲಿ ಮನೆ ಕಟ್ಟಿಸಿದಾಗ ನನ್ನ ಹೆಂಡತಿ ಶೇವಂತೆವ್ವ, "ಊರ ಮಂದಿ ಮನಿ ಮುಂದೆಲ್ಲಾ ಗಿಡ ಹಚ್ಚೀರಿ. ನಮ್ಮ ಮನಿ ಮುಂದ ಒಂದರ ಐತೇನು?" ಎಂದು ಕೇಳಿದಳು. ನಾಳೆ ತರುತ್ತೇನೆ, ನಾಡಿದ್ದು ತರುತ್ತೇನೆ ಎಂದು ಆರು ತಿಂಗಳು ತಳ್ಳಿದೆ. ಅಷ್ಟರಲ್ಲಿ ಆಕೆ ನನ್ನ ಅಂಗಿ ಒಗೆಯುವಾಗ ಕಿಸೆಯಲ್ಲಿ ಬಟಾಣಿ ಗಾತ್ರದ, ಬೀಸಣಿಕೆ ಗಿಡದ ಒಂದು ಕರಿ ಬೀಜ ಸಿಕ್ಕಿತಂತೆ. ಹಾಲಿನ ಖಾಲಿ ಪ್ಯಾಕೆಟ್ಟಿಗೆ ಮಣ್ಣು ತುಂಬಿ ಊರಿಬಿಟ್ಟಳು. ಒಂದೂವರೆ ತಿಂಗಳಿಗೆ ಒಂದು ಎಳೆ ಬಂತು. ಆಗ ಕಾಲೇಜು ಓದುತ್ತಿದ್ದ ಮಗ ರಾಜರತ್ನ, "ಅವ್ವ ಹುಲ್ಲು ಬೆಳಸಾಕತ್ತಾಳ" ಎಂದು ನಕ್ಕ. ಆ ಹುಲ್ಲು ಈಗ ನಮ್ಮ ಮಾಳಿಗೆಯನ್ನೂ ದಾಟಿ ಮೂವತ್ತೈದು ಅಡಿ ನಿಂತಿದೆ. ರಾಜರತ್ನ ಹೈಸ್ಕೂಲ್ ಮಾಸ್ತರನಾಗಿದ್ದಾನೆ, ಮದುವೆಯಾಗಿದೆ, ನಮ್ಮ ಜೊತೆಯಲ್ಲೇ ಇದ್ದಾನೆ. ಗಿಡ ಮಾತ್ರ ಇವತ್ತಿಗೂ ಶೇವಂತಿಯದೇ. ಒಣಗಿದ ಗರಿ ಕಡಿಯಬೇಕಾದರೂ ನಾನು ಆಕೆಯ ಅಪ್ಪಣೆ ಕೇಳಬೇಕು.

ಎರಡು ವರ್ಷದ ಹಿಂದೆ ಆಕೆಯ ಎರಡೂ ಮೊಣಕಾಲಿಗೆ ಆಪರೇಶನ್ ಆಯಿತು. ಆಪರೇಶನ್ ಚೆನ್ನಾಗಿಯೇ ಆಯಿತು, ನಡೆದಾಡುತ್ತಾಳೆ. ಆದರೆ ನೆಲದ ಮೇಲೆ ಕೂಡುವಂತಿಲ್ಲ ಎಂದು ಡಾಕ್ಟರು ಕಡ್ಡಾಯ ಮಾಡಿದರು. ಸಂಜೆಯಾದರೆ ಆ ಗಿಡದ ಬುಡದಲ್ಲಿ ಚಾಪೆ ಹಾಸಿಕೊಂಡು ಪಕ್ಕದ ಮನೆಯ ಹುಸೇನಬಿ, ಎದುರು ಮನೆಯ ರೇಣವ್ವ, ಇನ್ನೂ ಇಬ್ಬರು ಮೂವರು ಹೆಂಗಸರು ಸೇರುವುದು, ಕಾಳು ಹಸನು ಮಾಡುವುದು, ಊರ ಸುದ್ದಿ ಹೇಳುವುದು ನಡೆದು ಬಂದಿತ್ತು. ಆಪರೇಶನ್ ಆದ ಮೇಲೆ ಆಕೆಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟೆ. ಎರಡು ದಿನ ಕೂತು ಮೂರನೆಯ ದಿನ ಒಳಗೇ ಉಳಿದಳು.

"ನಾ ಮ್ಯಾಲೆ ಕುರ್ಚಿ ಮ್ಯಾಲೆ, ಅವರು ಕೆಳಗ ಚಾಪಿ ಮ್ಯಾಲೆ. ಅದೇನ ಛಂದರಿ?" ಎಂದಳು.

ಹಾಗೆ ಒಳಗೆ ಕೂತವಳು ತಿಂಗಳುಗಟ್ಟಲೆ ಹೊರಗೆ ಬರಲಿಲ್ಲ. ಕಿಟಕಿಯಿಂದ ಗಿಡ ನೋಡುತ್ತ ಕೂಡುವಳು. ಮಾತೂ ಕಡಿಮೆಯಾಯಿತು. ನನಗೆ ಅದನ್ನು ನೋಡಲಾಗಲಿಲ್ಲ. ಹೋದ ವರ್ಷ ಸಂಕ್ರಾಂತಿ ಮುಗಿದ ಮೇಲೆ ಗಿಡದ ಸುತ್ತ ಒಂದು ಕಟ್ಟೆ ಕಟ್ಟಿದೆ. ಗೌಂಡಿಯನ್ನು ಕರೆಯಲಿಲ್ಲ, ಇಟ್ಟಂಗಿ ನಾನೇ ಜೋಡಿಸಿದೆ. ಹದಿನೆಂಟು ಇಂಚು ಎತ್ತರ. ಅಮರಗೋಳದ ಕಡೆ ಯಾರೋ ಪಾಯ ತೋಡಿ ಹಾಕಿದ್ದ ಎರೆಮಣ್ಣು ಎರಡು ಟ್ರಾಲಿ ತರಿಸಿ ಒಳಗೆ ತುಂಬಿ, ಮೇಲೆ ಪರ್ಸಿಕಲ್ಲಿನ ಚಪ್ಪಡಿ ಹಾಸಿದೆ. ಕಾಂಡದ ಸುತ್ತ ಗೇಣಗಲ ಮಾತ್ರ ಕಲ್ಲು ಹಾಸದೆ ಮಣ್ಣು ಬಿಟ್ಟು, ಅಲ್ಲಿ ದಿನಾ ನೀರು ಹಾಕಿದೆ. ಎಲ್ಲರೂ ಒಂದೇ ಎತ್ತರಕ್ಕೆ ಸುತ್ತ ಕೂತರು. ಶೇವಂತಿ ಕಾಂಡಕ್ಕೆ ಬೆನ್ನು ಕೊಟ್ಟು ಕೂತು ಮೊದಲಿನ ಹಾಗೆ ನಗತೊಡಗಿದಳು. ಆ ನಗು ಅಡುಗೆಮನೆಯವರೆಗೆ ಕೇಳುತ್ತಿತ್ತು.

ವರ್ಷ ಕಳೆಯಿತು. ಈ ವರ್ಷ ಹೋಳಿ ಹುಣ್ಣಿಮೆಯ ಹೊತ್ತಿಗೆ ಗಿಡದ ಬಣ್ಣ ಕೆಟ್ಟಿತು. ಹೊಸ ಎಲೆ ಅಂಗೈಯಷ್ಟು ಸಣ್ಣದಾಗಿ, ಬಿಳಚಿಕೊಂಡು ಬರತೊಡಗಿತು. ಕೆಳಗಿನ ಎಲೆಗಳು ಒಂದರ ಹಿಂದೆ ಒಂದು ಬೇಗಬೇಗ ಒಣಗಿದವು. ನಾನು ಕೂಗಾಡಿದೆ. ಹುಸೇನಬಿ ಬಟ್ಟೆ ಒಗೆದ ಸಾಬೂನಿನ ನೀರು ಈ ಕಡೆ ಹರಿಯುತ್ತದೆ ಎಂದು ಆಕೆಯ ಮೇಲೆ ಕೂಗಿದೆ. ರಾಜರತ್ನ ಕಾರು ಅಲ್ಲೇ ತೊಳೆಯುತ್ತಾನೆ ಎಂದು ಅವನ ಮೇಲೆ ಕೂಗಿದೆ. ಬೋರಿನ ನೀರು ಸವಳು ಎಂದು ಬೋರಿಗೂ ಬೈದೆ. ಸೊಸೆ ಸುಜಾತಾ ಕಚೇರಿಗೆ ಹೊರಟವಳು ನಿಂತು, "ಮಾವಾರ, ಯಾರಿಗರ ಒಮ್ಮೆ ತೋರಸ್ರಿ" ಎಂದಳು.

"ಯಾರಿಗೆ ತೋರಸ್ಲಿ? ಊರ ಮಂದಿ ತಮ್ಮ ಗಿಡ ತೋರಸೂದ ನನಗ" ಎಂದೆ. ಆಕೆ ಪಾಪ, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ಶೇವಂತಿ ಮಾತ್ರ ಗಿಡದ ಬಗ್ಗೆ ಒಂದು ಮಾತೂ ಆಡಲಿಲ್ಲ. ಎಲೆ ನೋಡುವಳು, ಸೆರಗಿನಿಂದ ಕಾಂಡ ಒರೆಸುವಳು, ಹುಸೇನಬಿಯ ಜೊತೆ ಕಾಳು ಹಸನು ಮಾಡುತ್ತ ಕೂಡುವಳು. ಗಿಡ ಹೋದರೆ ಈಕೆ ಮತ್ತೆ ಒಳಗೆ ಸೇರುತ್ತಾಳೆ ಎಂಬ ಹೆದರಿಕೆ ನನ್ನದು.

ಮೇ ತಿಂಗಳ ಕೊನೆಗೆ ಗುರುಶಿದ್ದಪ್ಪ ಫೋನ್ ಮಾಡಿದ. ಅಮರಗೋಳದ ಮಾರ್ಕೆಟ್ಟಿನಲ್ಲಿ ದಲಾಲಿ ಅಂಗಡಿ ಇಟ್ಟುಕೊಂಡವನು, ಬೈಪಾಸಿನ ಬದಿಗೆ ಮದುವೆಗಳಿಗೆಂದು ಹೊಸದಾಗಿ ಒಂದು ಮಂಗಲ ಕಾರ್ಯಾಲಯ ಕಟ್ಟಿಸಿದ್ದ. "ಗಿರಿಯಪ್ಪನವರ, ಇಪ್ಪತ್ನಾಲ್ಕು ಬೀಸಣಿಕಿ ಗಿಡ ತರಸೇನ್ರಿ, ಆರು ಸಾಯಾಕತ್ತಾವು. ಒಮ್ಮೆ ಬಂದು ನೋಡ್ರಿ" ಎಂದ. ಹೋದೆ. ಅಲ್ಲಿ ತೋಟ ನೋಡಿಕೊಳ್ಳುವವನು ಮುಗದ ಊರಿನ ಹನಮೇಶ. ಹಿಂದೆ ನಾಲ್ಕು ತಿಂಗಳು ನನ್ನ ಕೈಕೆಳಗೆ ಇದ್ದ, ಒಳ್ಳೆ ಮನುಷ್ಯ. ನನ್ನನ್ನು ನೋಡಿ ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ ಬಂದ.

ಒಂದೊಂದು ಗಿಡದ ಸುತ್ತಲೂ ಇಟ್ಟಂಗಿಯ ಉಂಗುರ. ಅದರ ತುಂಬ ಮಣ್ಣು, ಮಣ್ಣಿನ ಮೇಲೆ ಬಿಳಿ ಹರಳು. ನಾನು ಕುಕ್ಕರಗಾಲಿನಲ್ಲಿ ಕೂತು ಹರಳು ಸರಿಸಿ, ಕೈಯಿಂದಲೇ ಮಣ್ಣು ತೋಡಿದೆ. ಮೊಣಕೈವರೆಗೆ ಕೈ ಹೋದರೂ ಕಾಂಡದ ಬುಡ ಸಿಗಲಿಲ್ಲ. ಒಳಗೆಲ್ಲ ಹಸಿ, ಹುಳಿ ನಾತ.

"ಹನಮೇಶಾ, ಇಲ್ಲಿ ಬಾ. ಇದೇನು?"

"ಕಟ್ಟಿ ರೀ, ಕಾಕಾ."

"ಕಟ್ಟಿ ಅನ್ನೂದು ನನಗೂ ಕಾಣತೈತಿ. ಗಿಡಕ್ಕ ಕೊರಳು ಐತಿ ಅಂತ ನಿನಗ ಹೇಳಿದ್ದಿಲ್ಲೇನು? ಕಾಂಡ ಮಣ್ಣಿಂದ ಹೊರಗ ಬರೂ ಜಾಗಾನ ಅದರ ಕೊರಳು. ಅಲ್ಲಿ ಗಾಳಿ ಆಡಬೇಕು. ಬ್ಯಾರೆ ಗಿಡ ಹ್ಯಾಂಗರ ತಡಕೊಂತಾವು, ಪಾಮ್ ತಡಕೊಳ್ಳೂದಿಲ್ಲ. ನಿನ್ನ ಕುತ್ತಿಗಿ ಮಟ ಹೂಳಿ ದಿನಾ ಒಂದ ಕೊಡ ನೀರ ಹೊಯ್ದರ ಎಷ್ಟ ದಿನ ಬದುಕತೀದಿ?"

ಹನಮೇಶ ತಲೆ ತಗ್ಗಿಸಿದ. ನನಗೆ ಸಿಟ್ಟು ಇನ್ನೂ ಏರಿತು.

"ಹೇಳು, ಯಾರ ಕಲಿಸಿದ್ರು ಇದನ್ನ? ನಾ ಕಲಿಸಿದ್ನೇನು?"

"ಸಿಟ್ಟಾಗಬ್ಯಾಡ್ರಿ ಕಾಕಾ" ಎಂದ ಅವನು, ಬಹಳ ಮೆಲ್ಲಗೆ. "ಹ್ವಾದ ವರ್ಷ ನಮ್ಮ ಮನ್ಯಾಕಿನ್ನ ದವಾಖಾನಿಗೆ ತೋರಸಾಕ ಸತ್ತೂರಿಗೆ ಬಂದಿದ್ನಿರಿ. ನಿಮ್ಮ ಮನಿ ಮುಂದ ಹಾದ್ವಿ. ನಿಮ್ಮ ಗಿಡಕ್ಕ ಕಟ್ಟಿ ಕಟ್ಟಿದ್ದು ನೋಡಿದ್ನಿ. ಗಿರಿಯಪ್ಪ ಕಾಕಾನ ಕಟ್ಟ್ಯಾನ ಅಂದಮ್ಯಾಲೆ ಅದ ಸರಿ ಇರತೈತಿ ಅಂತ, ಇಲ್ಲೂ ಹಂಗ ಮಾಡಿದ್ನಿರಿ."

ನಾನು ತೋಡಿದ ಕುಣಿಯಲ್ಲೇ ಕೈ ಇಟ್ಟುಕೊಂಡು ಕೂತೆ. ನಾನು ಕಟ್ಟೆ ಕಟ್ಟುವಾಗ ಶೇವಂತಿಯ ಕಾಲು ಮಾತ್ರ ಕಂಡಿತ್ತು. ಗಿಡದ ಕಡೆ ನೋಡಿರಲೇ ಇಲ್ಲ. ಇಡೀ ಆಯುಷ್ಯ ಯಾವುದನ್ನು ಮಾಡಬೇಡಿ ಎಂದು ಮಂದಿಗೆ ಬೈದಿದ್ದೆನೋ, ಅದನ್ನೇ ನನ್ನ ಮನೆಯ ಮುಂದೆ ಪರ್ಸಿಕಲ್ಲು ಹಾಕಿ ಮುಚ್ಚಿದ್ದೆ.

"ತಪ್ಪು ನಂದು, ಹನಮೇಶಾ" ಎಂದೆ. "ಎಲ್ಲಾ ಗಿಡದ ಮಣ್ಣು ತಗಿ. ಕೊರಳು ಬಿಡಸು. ಇವತ್ತ ಮಾಡು, ನಾಳಿಗೆ ಇಡಬ್ಯಾಡ." ಚಹಾ ಕುಡಿಯಲೂ ನಿಲ್ಲದೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹತ್ತಿದೆ.

ಅವನಿಗೆ ಹೇಳಿದಷ್ಟು ಸುಲಭವಾಗಿ ನಾನು ನನ್ನ ಮನೆಯಲ್ಲಿ ಹೇಳಲಾರದೆ ಹೋದೆ. ಬಸ್ಸಿಳಿದು ಬರುವಾಗಲೇ ಕಟ್ಟೆಯ ಮೇಲಿನ ನಗು ಕೇಳಿತು. ರೇಣವ್ವ ಏನೋ ಹೇಳುತ್ತಿದ್ದಳು, ಶೇವಂತಿ ಕಣ್ಣೀರು ಬರುವಂತೆ ನಗುತ್ತಿದ್ದಳು. ನನ್ನನ್ನು ನೋಡಿ, "ಲಗೂ ಬಂದ್ರಿ? ಗಿಡ ಉಳೀತಾವಂತೇನು?" ಎಂದು ಕೇಳಿದಳು. "ಉಳೀಬಹುದು" ಎಂದು ಒಳಗೆ ಹೋದೆ.

ಮೂರು ದಿನ ಒದ್ದಾಡಿದೆ. ಕಟ್ಟೆ ಉಳಿದರೆ ಗಿಡ ಹೋಗುತ್ತದೆ. ಕಟ್ಟೆ ಒಡೆದರೆ ಈಕೆಯ ಸಂಜೆ ಹೋಗುತ್ತದೆ. ಬೀಜದಿಂದ ಬೆಳೆಸಿದ ಗಿಡವೂ ಆಕೆಯದು, ಹೊರಗೆ ಕೂಡುವ ಜಾಗವೂ ಆಕೆಯದು, ಎರಡನ್ನೂ ಎದುರುಬದುರು ತಂದು ನಿಲ್ಲಿಸಿದವನು ನಾನು. ಕಾಯಲು ಹೊತ್ತೂ ಇರಲಿಲ್ಲ. ಇನ್ನೊಂದು ವಾರಕ್ಕೆ ಮಿರಗದ ಮಳೆ, ಮುಂಗಾರು ಶುರು. ಆ ಎರೆಮಣ್ಣು ಒಮ್ಮೆ ಮಳೆ ಕುಡಿಯಿತೆಂದರೆ ಮೂರು ತಿಂಗಳು ಆರುವುದಿಲ್ಲ. ಅಷ್ಟರಲ್ಲಿ ಬುಡ ಕೊಳೆತು ಹೋಗುತ್ತದೆ.

ಬೀಸಣಿಕೆ ಗಿಡ ಬದುಕಿದೆಯೋ ಇಲ್ಲವೋ ತಿಳಿಯಲು ಒಂದು ಉಪಾಯವಿದೆ. ನೆತ್ತಿಯ ನಡುವೆ ಇನ್ನೂ ಬಿಚ್ಚದ ಸುಳಿ ಇರುತ್ತದೆ. ಇಡೀ ಗಿಡಕ್ಕೆ ಅದೊಂದೇ ಚಿಗುರು. ಅದನ್ನು ಹಿಡಿದು ಎಳೆಯಬೇಕು. ಕಿತ್ತು ಕೈಗೆ ಬಂದರೆ ಒಳಗೆ ಕೊಳೆತಿದೆ, ಕಥೆ ಮುಗಿಯಿತು. ಬರದಿದ್ದರೆ ಜೀವ ಇದೆ. ಹುಸೇನಬಿಯ ಮಗ ತನ್ವೀರ ಬೀದಿದೀಪ ರಿಪೇರಿಯ ಗಾಡಿ ಓಡಿಸುತ್ತಾನೆ, ಬುಟ್ಟಿಯಲ್ಲಿ ನಿಂತರೆ ಮೇಲಕ್ಕೆ ಎತ್ತುವಂಥದ್ದು. ಭಾನುವಾರ ಮುಂಜಾನೆ ಅವನನ್ನು ಕರೆದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಸುಳಿ ಕಿತ್ತು ಬರಲಿ ಎಂದು ನನ್ನ ಮನಸ್ಸಿನ ಒಂದು ಮೂಲೆ ಆಸೆಪಟ್ಟಿತು. ಬಂದರೆ ಕಟ್ಟೆ ಒಡೆಯುವುದು ಬೇಡ, ತಪ್ಪು ಒಪ್ಪಿಕೊಳ್ಳುವುದೂ ಬೇಡ. ಗಿಡಕ್ಕೆ ರೋಗ ಬಂದಿತ್ತು ಎಂದುಬಿಡಬಹುದು.

ಶೇವಂತಿ ಬಾಗಿಲಲ್ಲಿ ಕೋಲು ಹಿಡಿದು ನಿಂತು ನೋಡುತ್ತಿದ್ದಳು. ತನ್ವೀರ ಮೇಲೆ ಹೋಗಿ ಎಲೆಗಳ ನಡುವೆ ಕೈ ಹಾಕಿದ.

"ಸುಳಿ ಹಿಡದೇನಿ ಕಾಕಾ. ಎಳೀಲೇನು?"

"ಎಳಿ."

"ಬರವಲ್ದು."

"ಇನ್ನ ಜೋರ ಎಳಿ."

ಬುಟ್ಟಿ ಅಲ್ಲಾಡಿತು. "ಬರಾಂಗಿಲ್ಲ ಕಾಕಾ, ಗಟ್ಟಿ ಐತಿ. ನನ್ನ ಕೈಗೆ ಮುಳ್ಳು ಬಡದ್ವು ಅಷ್ಟ."

ಅಷ್ಟು ಕೇಳಿದ ಮೇಲೆ ಮನಸ್ಸಿನ ಆ ಮೂಲೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಬಿಳಚಿದ ಆ ಗಿಡದ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಓಡಿ ಹೋಗಿ ಕಾಂಡ ತಬ್ಬಿಕೊಂಡೆ. ಓಣಿಯವರು ನೋಡುತ್ತಿದ್ದರು. ನೋಡಲಿ ಬಿಡು ಎಂದುಕೊಂಡೆ.

ತನ್ವೀರ ಗಾಡಿ ತೆಗೆದುಕೊಂಡು ಹೋದ ಮೇಲೆ ಶೇವಂತಿ ಬಂದು ಕಟ್ಟೆಯ ಮೇಲೆ ಕೂತಳು. ನಾನು ಎದುರಿಗೆ ನಿಂತೆ.

"ಶೇವಂತೀ, ಗಿಡಕ್ಕ ಯಾವ ರೋಗಾನೂ ಇಲ್ಲ. ನಾನ ಅದನ್ನ ಕೊಲ್ಲಾಕತ್ತೇನಿ. ಈ ಕಟ್ಟಿ ಕಟ್ಟಿ ಅದರ ಕೊರಳು ಮುಚ್ಚೇನಿ."

"ಹೂಂ" ಎಂದಳು.

"ಉಳೀಬೇಕಂದ್ರ ಕಟ್ಟಿ ಒಡೀಬೇಕು. ಮಳಿ ಬರೂದ್ರಾಗ."

"ಒಡೀರಿ."

"ಅಷ್ಟನ?"

"ಮತ್ತೇನ ಅನಬೇಕು? ಇವತ್ತ ಐತವಾರ, ರಾಜೂನೂ ಮನ್ಯಾಗ ಅದಾನ. ಈಗ ಸುರು ಮಾಡ್ರಿ" ಎಂದು ಕೋಲು ಊರಿ ಎದ್ದು ಒಳಗೆ ಹೋದಳು.

ನಿಜ ಹೇಳಬೇಕೆಂದರೆ ನನಗೆ ಕೆಡುಕೆನಿಸಿತು. ಜಗಳಕ್ಕೆ ತಯಾರಾಗಿ ನಿಂತಿದ್ದೆ, ಅಳುತ್ತಾಳೆ ಎಂದುಕೊಂಡಿದ್ದೆ. ವಾರಗಟ್ಟಲೆ ಬೆನ್ನು ಬಗ್ಗಿಸಿ ಕಟ್ಟಿದ ಕಟ್ಟೆಯನ್ನು ಹಳೆಯ ಡಬ್ಬಿ ಎಸೆದ ಹಾಗೆ ಬಿಟ್ಟುಕೊಟ್ಟಳಲ್ಲ, ಇದು ಈಕೆಗೆ ಏನೂ ಅಲ್ಲವೇ ಎಂದು ಒಳಗೊಳಗೇ ಸಿಟ್ಟಾದೆ. ಆ ಸಿಟ್ಟಿನಲ್ಲೇ ಪರ್ಸಿಕಲ್ಲಿಗೆ ಹಾರೆ ಹಾಕಿದೆ.

ರಾಜರತ್ನ ಮಣ್ಣು ಎತ್ತಿದ. ಸುಜಾತಾ ಬುಟ್ಟಿ ಹೊತ್ತಳು. ಮಧ್ಯಾಹ್ನದ ಹೊತ್ತಿಗೆ ಹಳೆಯ ನೆಲ ಕಂಡಿತು. ಹದಿನೆಂಟು ಇಂಚು ಕಾಂಡ ಕಪ್ಪಗಾಗಿ, ಒದ್ದೆಯಾಗಿ, ಮುಟ್ಟಿದರೆ ಜಾರುವಂತಿತ್ತು. ಹಾರೆ ಗುದ್ದಲಿ ಬದಿಗಿಟ್ಟು ಬುಡದ ಮಣ್ಣನ್ನು ಬೆರಳಿನಿಂದ ಬಿಡಿಸಿದೆ, ಬೇರಿಗೆ ಪೆಟ್ಟಾಗಬಾರದಲ್ಲ. ಹನಮೇಶ ಫೋನ್ ಮಾಡಿ ಇಪ್ಪತ್ನಾಲ್ಕೂ ಗಿಡದ ಕೊರಳು ಬಿಡಿಸಿದ್ದೇನೆ ಎಂದು ಹೇಳಿದ. ನಾನೂ ಒಂದನ್ನು ಬಿಡಿಸುತ್ತಿದ್ದೇನೆ ಎಂದೆ.

ಐದನೆಯ ದಿನಕ್ಕೆ ಮಳೆ ಹಿಡಿಯಿತು. ನೀರು ಬುಡದಲ್ಲಿ ನಿಲ್ಲದಂತೆ ಸಣ್ಣ ಕಾಲುವೆ ತೆಗೆದಿದ್ದೆ. ಶೇವಂತಿ ಮತ್ತೆ ಒಳಗಾದಳು. ಹುಸೇನಬಿ ರೇಣವ್ವ ಒಳಗೇ ಬಂದು ಕೂಡುತ್ತಿದ್ದರು, ಆದರೆ ಸೋಫಾದ ಮೇಲೆ ಟಿವಿ ನೋಡುತ್ತ ಕೂತ ಹೆಂಗಸರಿಗೆ ಮಾತು ಹತ್ತುವುದಿಲ್ಲ. ನಾನು ದಿನಕ್ಕೆ ನಾಲ್ಕು ಸಲ ಕೊರಳೆತ್ತಿ ಸುಳಿ ನೋಡುತ್ತಿದ್ದೆ. ಜೂನ್ ಹೋಯಿತು, ಜುಲೈ ಹೋಯಿತು. ಇದ್ದ ಎಲೆಗಳಲ್ಲಿ ಇನ್ನೂ ಮೂರು ಒಣಗಿದವು.

ನಾಗರ ಪಂಚಮಿಯ ಮರುದಿನ ಸುಳಿ ಬಿಚ್ಚಿತು. ಎಲೆ ಸಣ್ಣದೇ, ಆದರೆ ಹಸಿರು. ಬಿಳಚಿಕೆ ಒಂದಿಷ್ಟೂ ಇರಲಿಲ್ಲ. ಅದರ ಹಿಂದೆ ಇನ್ನೊಂದು ಸುಳಿ ನೆಟ್ಟಗೆ ನಿಂತಿತ್ತು. ನಾನು ಮನೆಯವರನ್ನೆಲ್ಲ ಕೂಗಿ ಹೊರಗೆ ಕರೆದೆ. ಶೇವಂತಿ ಬಂದಳು, ಹಣೆಯ ಮೇಲೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. "ಬಂತಲ್ರೀ" ಎಂದಳು. ಆಮೇಲೆ ಗಿಡದ ಹತ್ತಿರ ಹೋಗಿ ಸೆರಗಿನಿಂದ ಕಾಂಡ ಒರೆಸಿದಳು.

ಅದೇ ವಾರ ಗಿಡದಿಂದ ಎಂಟು ಅಡಿ ದೂರಕ್ಕೆ ನಾಲ್ಕು ಕಲ್ಲು ನಿಲ್ಲಿಸಿ, ಅದೇ ಪರ್ಸಿಗಳನ್ನು ಉದ್ದಕ್ಕೆ ಹಾಸಿ ಒಂದು ಆಸನ ಮಾಡಿದೆ. ಮಣ್ಣಿಗೆ ಭಾರವಿಲ್ಲ, ಗಿಡಕ್ಕೆ ತಾಗುವುದಿಲ್ಲ. ಬೆನ್ನಿಗೆ ಆಸರೆ ಇಲ್ಲ ಎಂದು ಶೇವಂತಿ ಗೊಣಗಿದಳು. ಆದರೂ ಸಂಜೆ ಮೊದಲು ಬಂದು ಕೂತವಳು ಆಕೆಯೇ. ಹುಸೇನಬಿ ಮೊರದಲ್ಲಿ ಕಾಳು ತಂದಳು. ನಾನು ಗಿಡದ ಬುಡದಲ್ಲಿ ಹುಲ್ಲು ಕೀಳುತ್ತಿದ್ದೆ.

"ಅಂತೂ ಉಳೀತು ನೋಡು ಶೇವಂತಕ್ಕಾ" ಎಂದಳು ಹುಸೇನಬಿ. "ನೀ ಅವತ್ತ ಇದು ಇನ್ನ ಉಳಿಯೂದಿಲ್ಲ ಅಂದಿದ್ದಿ."

"ಯಾವತ್ತ?" ಎಂದು ನಾನು ಎದ್ದು ನಿಂತೆ.

ಹುಸೇನಬಿ ನಾಲಗೆ ಕಚ್ಚಿಕೊಂಡಳು. ಮೊರದ ಕಡೆ ನೋಡುತ್ತ, "ನೀವು ಕಟ್ಟಿಗೆ ಮೊದಲನೇ ಇಟ್ಟಂಗಿ ಇಟ್ಟ ದಿನರಿ ಅಣ್ಣಾ" ಎಂದಳು.

ನಾನು ಶೇವಂತಿಯ ಮುಖ ನೋಡಿದೆ. ಆಕೆ ಕಾಳಿನೊಳಗಿಂದ ಒಂದು ಹರಳು ತೆಗೆದು ಆಚೆ ಒಗೆದಳು.

"ನಿನಗ ಗೊತ್ತಿತ್ತೇನು?"

"ಗೊತ್ತಿರದ ಏನರಿ? ಮೂವತ್ನಾಲ್ಕ ವರ್ಷ ಊಟಕ್ಕ ಕುಂತಾಗೆಲ್ಲಾ, ಇವತ್ತ ಇಂಥಾಂವ ಇಂಥಾ ಗಿಡದ ಕೊರಳು ಮುಚ್ಚಿದಾ ಅಂತ ಬೈಕೊಂತ ಉಣತಿದ್ರಿ. ಬಡಿಸಾಕಿ ನಾನ ಇದ್ನೆಲ್ಲ."

"ಮತ್ತ ಬಾಯಿಬಿಟ್ಟು ಯಾಕ ಹೇಳಲಿಲ್ಲ? ವರ್ಷಗಟ್ಟಲೆ ಅದರ ಬುಡದಾಗ ಕುಂತು ಅದು ಸಾಯೂದನ್ನ ನೋಡಿದ್ಯಾ?"

"ನೋಡಿದ್ನಿ." ಇನ್ನೊಂದು ಹರಳು ಆರಿಸಿ ತೆಗೆದು ಅಂದಳು, "ಲಗ್ನಾಗಿ ನಲವತ್ತೆರಡು ವರ್ಷಾತು. ನೀವು ಕೆಟ್ಟವ್ರಲ್ಲ, ಆದ್ರ ನಿಮ್ಮ ಕೈ ಯಾವಾಗೂ ಮಂದಿ ತ್ವಾಟದಾಗ ಇತ್ತು. ಅವತ್ತ ಉರಿ ಬಿಸಲಾಗ ಕುಂತು ನನಗಂತ ಒಂದೊಂದ ಇಟ್ಟಂಗಿ ಇಡಾಕತ್ತಿದ್ರಿ. ನಡಕ ನಡಕ ನನ್ನ ಕಡೆ ನೋಡಿ ನಗತಿದ್ರಿ. ಅದನ್ನ ನಿಲ್ಲಸ್ರಿ ಅಂತ ನಾ ಹೆಂಗ ಹೇಳ್ಲಿ? ಗಿಡ ಹ್ವಾದ್ರ ಹೋಗಲಿ ಅಂತ ಬಿಟ್ನಿ."

ನನ್ನ ಕೈಯಲ್ಲಿ ಹುಲ್ಲು ಹಾಗೇ ಇತ್ತು. ಈ ಹೆಂಗಸಿಗೆ ಕಟ್ಟೆ ಏನೂ ಅಲ್ಲ ಎಂದುಕೊಂಡು ನಾನು ಸಿಟ್ಟಾಗಿದ್ದೆ.

"ಹತ್ತೊಂಬತ್ತು ವರ್ಷ ಮಗೂನಂಗ ಸಾಕಿದ್ದಿ ಅದನ್ನ" ಎಂದೆ.

"ಸಾಕಿದ್ನಿ. ನಿಮ್ಮನ್ನ ಅದಕ್ಕಿಂತ ಹೆಚ್ಚಿಗೆ ಸಾಕೇನಿ" ಎಂದಳು.

ಹುಸೇನಬಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಶೇವಂತಿ ನಗಲಿಲ್ಲ, ಕಾಳು ಹಸನು ಮಾಡುತ್ತ ಸ್ವಲ್ಪ ಸರಿದು ಜಾಗ ಮಾಡಿದಳು. ನಾನು ಹೋಗಿ ಆಕೆಯ ಪಕ್ಕದಲ್ಲಿ ಕೂತೆ. ಕಣ್ಣು ಒರೆಸಿಕೊಳ್ಳಲು ಕೈಗೆಲ್ಲ ಮಣ್ಣಾಗಿತ್ತು, ಹಾಗೇ ಬಿಟ್ಟೆ.